ಚೆಂಡೆ ಜೋರು, ಅರ್ಥ ಕೇಳಿಸದು

ಪ್ರಶ್ನೆ: ದೇವಸ್ಥಾನದ ತಾಳಮದ್ದಳೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಹಾಕಿದ್ದೇನೆ. ಅರ್ಥ ಹೇಳುವವರ ಮಾತು ಕೇಳಲೆಂದು ಆಡಿಯೊ-ವೀಡಿಯೊ ಪ್ಲೇಯರ್ ವಿಎಲ್‌ಸಿಯಲ್ಲಿ ವಾಲ್ಯೂಮ್ ಏರಿಸಿದರೆ, ಚೆಂಡೆ ಬಂದ ಕೂಡಲೇ ಸ್ಪೀಕರ್ ಕರ್ರೆನ್ನುತ್ತದೆ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ವಾಲ್ಯೂಮನ್ನು 100ರ ಮೇಲೆ ಒಯ್ಯಬೇಡಿ. ವಿಎಲ್‌ಸಿ 125ರವರೆಗೂ ಬಿಡುತ್ತದೆ ನಿಜ, ಆದರೆ ಮೊದಲೇ ಜೋರಿರುವ ಪೆಟ್ಟುಗಳ ತುದಿ ಅಲ್ಲಿ ಕತ್ತರಿಸಿಹೋಗುತ್ತದೆ. ಕರ್ರೆನ್ನುವುದು ಅದೇ. ನಿಮಗೆ ಬೇಕಾದ್ದು ಕಂಪ್ರೆಸರ್. ಅದು ಜೋರಿನ ಸದ್ದನ್ನು ತಗ್ಗಿಸಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಎತ್ತುತ್ತದೆ.

ಕಂಟ್ರೋಲ್ ಹಿಡಿದು ಇ ಒತ್ತಿ. ಆಡಿಯೊ ಎಫೆಕ್ಟ್ಸ್‌ನಲ್ಲಿ ಕಂಪ್ರೆಸರ್ ತೆರೆದು ಎನೇಬಲ್‌ಗೆ ಗುರುತು ಹಾಕಿ. ಮೈನಸ್ 11 ಡೆಸಿಬೆಲ್ಲಿನಲ್ಲಿರುವ ಥ್ರೆಶೋಲ್ಡನ್ನು (ಎಷ್ಟು ಜೋರಾದರೆ ತಗ್ಗಿಸಬೇಕೆಂಬ ಮಿತಿ) ಮೈನಸ್ 20ಕ್ಕೆ ಇಳಿಸಿ. ರೇಶಿಯೊ, ಅಂದರೆ ತಗ್ಗಿಸುವ ಪ್ರಮಾಣ, 4 ಇದ್ದದ್ದು ಹಾಗೇ ಇರಲಿ. ಅಟ್ಯಾಕ್, ಅಂದರೆ ತಗ್ಗಿಸಲು ಹಿಡಿಯುವ ಸಮಯ, 25 ಮಿಲಿಸೆಕೆಂಡ್ ಇರುತ್ತದೆ. ಚೆಂಡೆಗೆ ಇದು ತಡವಾಯಿತು, ಕೋಲು ಬಿದ್ದ ಸದ್ದು ಅಷ್ಟರಲ್ಲಿ ನುಸುಳಿಬಿಡುತ್ತದೆ. 5ಕ್ಕೆ ತನ್ನಿ. ರಿಲೀಸನ್ನು (ತಗ್ಗಿಸಿದ್ದನ್ನು ಮತ್ತೆ ಬಿಡಲು ಹಿಡಿಯುವ ಸಮಯ) 100ರಿಂದ 300ಕ್ಕೆ ಏರಿಸಲು ಮರೆಯಬೇಡಿ: ಇದು ಕಡಿಮೆಯಿದ್ದರೆ ಪ್ರತಿ ಪೆಟ್ಟಿನ ಹಿಂದೆಯೇ ಶ್ರುತಿಪೆಟ್ಟಿಗೆಯ ನಾದ ಉಬ್ಬಿ ಇಳಿಯುತ್ತದೆ, ಕೇಳಲು ಹಿಂಸೆ. ಕೊನೆಗೆ ಮೇಕಪ್ ಗೇನ್, ಅಂದರೆ ಎಲ್ಲವನ್ನೂ ಒಟ್ಟಿಗೆ ಎತ್ತುವ ಪ್ರಮಾಣ. 7ರಿಂದ ಶುರುಮಾಡಿ, ಮಾತು ಸಲೀಸಾಗಿ ಕೇಳುವ ತನಕ ಒಂದೊಂದೇ ಏರಿಸಿ. ಅತಿಯಾದರೆ ಮಾಡಿನ ಮೇಲಿನ ಮಳೆಯ ಸದ್ದೂ ಎದ್ದು ಬರುತ್ತದೆ. ಸೇವ್ ಒತ್ತಿ ಮುಚ್ಚಿ. ಮೂಲ ಫೈಲು ಬದಲಾಗುವುದಿಲ್ಲ, ಧೈರ್ಯವಾಗಿ ಪ್ರಯೋಗ ಮಾಡಿ.

ರೆಕಾರ್ಡ್ ಆಗುವಾಗಲೇ ಚೆಂಡೆಯ ಸದ್ದು ಒಡೆದಿದ್ದರೆ ಮಾತ್ರ ಇದರಿಂದ ಸರಿಯಾಗದು. ಮುಂದಿನ ಸಲ ಮೊಬೈಲನ್ನು ಅರ್ಥಧಾರಿಗಳ ಹತ್ತಿರ, ಚೆಂಡೆಯಿಂದ ಆದಷ್ಟು ದೂರ ಇಡಿ.

ಪ್ರಶ್ನೆ: ಹೊಸ ಮೊಬೈಲಿನ ವೀಡಿಯೊ ಹಳೆಯ ಲ್ಯಾಪ್‌ಟಾಪಿನಲ್ಲಿ ತಡೆತಡೆದು ಓಡುತ್ತದೆ, ಧ್ವನಿ ಮಾತ್ರ ಸರಿ.
– ಓದುಗರು, ಸಾಗರ

ಉತ್ತರ: ವಿಎಲ್‌ಸಿಯಲ್ಲಿ ವೀಡಿಯೊ ಓಡುತ್ತಿರುವಾಗ ಕಂಟ್ರೋಲ್ ಹಿಡಿದು ಜೆ ಒತ್ತಿ. ಕೋಡೆಕ್ (ವೀಡಿಯೊವನ್ನು ಅಡಕಗೊಳಿಸಿದ ವಿಧಾನ) ಎದುರು ಎಚ್265 ಅಥವಾ ಎಚ್‌ಇವಿಸಿ ಎಂದಿದ್ದರೆ ಕಾರಣ ಸಿಕ್ಕಿತು. ಇಂಟೆಲ್‌ನಲ್ಲಿ 2015ರ ಆರನೇ ಪೀಳಿಗೆಗಿಂತ ಹಿಂದಿನ ಪ್ರೊಸೆಸರ್‌ಗಳಲ್ಲಿ ಇದನ್ನು ಬಿಡಿಸಲು ಪೂರ್ತಿ ಹಾರ್ಡ್‌ವೇರ್ ಇಲ್ಲ. ಕಂಟ್ರೋಲ್ ಮತ್ತು ಆರ್ ಒತ್ತಿ, ಫೈಲು ಆರಿಸಿ, ಎಚ್264 ಎಂಪಿ4 ಪ್ರೊಫೈಲಿಗೆ ಬದಲಿಸಿ, ಬೇರೆ ಹೆಸರಿನಲ್ಲಿ ಉಳಿಸಿ. ಹಳೆಯ ಯಂತ್ರಕ್ಕೆ ಗಂಟೆಗಟ್ಟಲೆ ಬೇಕಾದೀತು. ಮಲೆನಾಡಿನ ಮಳೆಗಾಲ, ಬ್ಯಾಟರಿ ತುಂಬಿಸಿಕೊಂಡೇ ಕೂರಿಸಿ: ಎಂಪಿ4ನ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುವುದರಿಂದ, ಅರ್ಧದಲ್ಲಿ ಕರೆಂಟು ಹೋಗಿ ಯಂತ್ರ ಆರಿದರೆ ಆ ಫೈಲು ತೆರೆಯುವುದೇ ಇಲ್ಲ.

ಪ್ರಶ್ನೆ: ಬ್ಲೂಟೂತ್ ಸ್ಪೀಕರ್ ಹಾಕಿದರೆ ತುಟಿ ಮೊದಲು, ಮಾತು ಆಮೇಲೆ.
– ಓದುಗರು, ಹೊಸನಗರ

ಉತ್ತರ: ವಿಎಲ್‌ಸಿಯಲ್ಲಿ ಜೆ ಕೀಲಿ ಮಾತ್ರ ಒತ್ತಿ. ಒಂದು ಸಲಕ್ಕೆ ಧ್ವನಿ 50 ಮಿಲಿಸೆಕೆಂಡ್ ಮುಂಚೆ ಬರುತ್ತದೆ. ಹೆಚ್ಚಾದರೆ ಕೆ ಒತ್ತಿ.