ಮರ್ಕ್ಯುರಿ ಮುಚ್ಚಿದ್ದು ಸರಿ, ಲಿಂಕನ್ ಯಾಕೆ ಬೇಕು?

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. ಪಕ್ಕದ ಮನೆಯ ಅಜ್ಜ ಇನ್ನೂ ಹಳೇ ಮರ್ಕ್ಯುರಿ ಗ್ರ್ಯಾಂಡ್ ಮಾರ್ಕ್ವಿಸ್ ಓಡಿಸುತ್ತಾರೆ. ಫೋರ್ಡ್‌ನವರು ತಮ್ಮ ಮಧ್ಯಮ ದರ್ಜೆಯ ಬ್ರ್ಯಾಂಡ್ ಮರ್ಕ್ಯುರಿ ಮುಚ್ಚಿದ್ದೇ ದೊಡ್ಡ ತಪ್ಪು ಅನ್ನೋದು ಅವರ ವಾದ. ಆಫೀಸಿನ ಗೆಳೆಯರು ಇದಕ್ಕೆ ಪೂರ್ತಿ ಉಲ್ಟಾ. ಮರ್ಕ್ಯುರಿ ಜೊತೆ ಫೋರ್ಡ್‌ನ ಐಷಾರಾಮಿ ಬ್ರ್ಯಾಂಡ್ ಲಿಂಕನ್ನನ್ನೂ ಆಗಲೇ ಮುಚ್ಚಬೇಕಿತ್ತು ಅಂತಾರೆ. ನೀವು ಯಾರ ಕಡೆ?
– ಓದುಗರು, ಆ್ಯನ್ ಆರ್ಬರ್

ಉತ್ತರ: ಇಬ್ಬರ ಕಡೆಯೂ ಇಲ್ಲ ಸ್ವಾಮಿ. ಮರ್ಕ್ಯುರಿ ಮುಚ್ಚಿದ್ದು ಸರಿ, ಅದೂ ಹತ್ತು ವರ್ಷ ತಡವಾಗಿ ಮುಚ್ಚಿದರು. ಲಿಂಕನ್ ಇಟ್ಟುಕೊಂಡಿದ್ದೂ ಸರಿ. ಆದರೆ ಇಟ್ಟುಕೊಂಡ ಮೇಲೆ ಅದನ್ನು ನೆಟ್ಟಗೆ ಸಾಕಲಿಲ್ಲ.

ಮರ್ಕ್ಯುರಿ ಹುಟ್ಟಿದ್ದಕ್ಕೆ ಒಳ್ಳೆಯ ಕಾರಣವೇ ಇತ್ತು. ಆಗ ಜನರಲ್ ಮೋಟಾರ್ಸ್ ನಡೆಸುತ್ತಿದ್ದ ಆಲ್ಫ್ರೆಡ್ ಸ್ಲೋನ್ ತಮ್ಮ ಕಾರುಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಿಟ್ಟಿದ್ದರು. ಕೆಳಗೆ ಷೆವ್ರೊಲೆ, ಆಮೇಲೆ ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಬ್ಯೂಕ್, ತುದಿಯಲ್ಲಿ ಕ್ಯಾಡಿಲಾಕ್. ಸಂಬಳ ಜಾಸ್ತಿಯಾದ ಹಾಗೆ ಗಿರಾಕಿ ಮೇಲಕ್ಕೆ ಹತ್ತುತ್ತಾ ಹೋಗಬೇಕು, ಆದರೆ ಕಂಪನಿ ಬಿಟ್ಟು ಹೋಗಬಾರದು. ಫೋರ್ಡ್ ಬಳಿ ಇದ್ದದ್ದು ಎರಡೇ. ಅಗ್ಗದ ಫೋರ್ಡ್ ಒಂದು, 1922ರಲ್ಲಿ 80 ಲಕ್ಷ ಡಾಲರ್‌ಗೆ ಕೊಂಡುಕೊಂಡಿದ್ದ ದುಬಾರಿ ಲಿಂಕನ್ ಇನ್ನೊಂದು. ನಡುವೆ ಏನೂ ಇಲ್ಲ. ಫೋರ್ಡ್‌ನಲ್ಲಿ ಶುರು ಮಾಡಿದವರು ಸ್ವಲ್ಪ ದುಡ್ಡು ಕಂಡ ಮೇಲೆ ಬ್ಯೂಕ್ ಶೋರೂಮಿಗೆ ಹೋಗಿಬಿಡುತ್ತಿದ್ದರು. ಈ ಖಾಲಿ ಜಾಗ ತುಂಬಿಸೋಕೆ ಹೆನ್ರಿ ಫೋರ್ಡ್ ಅವರ ಮಗ ಎಡ್ಸೆಲ್ ಫೋರ್ಡ್ 1939ರ ಮಾಡೆಲ್ ಆಗಿ ಮರ್ಕ್ಯುರಿ ತಂದರು. ಫೋರ್ಡ್‌ನ ವಿ8 ಎಂಜಿನ್ 85 ಅಶ್ವಶಕ್ತಿಯದಾದರೆ ಇದರದು 95. ಗಾಡಿಯೂ ದೊಡ್ಡದು. ಜಾಸ್ತಿ ದುಡ್ಡು ಕೊಟ್ಟವನಿಗೆ ಜಾಸ್ತಿ ಕಾರು ಸಿಗುತ್ತಿತ್ತು.

ಈಗ 2006ರ ಮಾಡೆಲ್‌ಗೆ ಬನ್ನಿ. ಮೆಕ್ಸಿಕೋದ ಎರ್ಮೊಸಿಯೊ ಅನ್ನೋ ಊರಿನಲ್ಲಿ ಫೋರ್ಡ್ ಕಾರ್ಖಾನೆ ಇದೆ. ಅಲ್ಲಿಂದ ಫೋರ್ಡ್ ಫ್ಯೂಷನ್, ಮರ್ಕ್ಯುರಿ ಮಿಲಾನ್, ಲಿಂಕನ್ ಜೆಫರ್ ಮೂರೂ ಹೊರಗೆ ಬರುತ್ತಿದ್ದವು. ಮೂರಕ್ಕೂ ಮಜ್ದಾ 6ರಿಂದ ಬಂದ ಒಂದೇ ಪ್ಲಾಟ್‌ಫಾರ್ಮ್, ಅಂದರೆ ಕಾರಿನ ಅಡಿಪಾಯ. ವೀಲ್‌ಬೇಸ್, ಅಂದರೆ ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ ಕೂಡ ಒಂದೇ. ಫ್ಯೂಷನ್ ಮತ್ತು ಮಿಲಾನ್ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಫ್ಯೂಷನ್ ಮುಂದಿನ ಗ್ರಿಲ್‌ನಲ್ಲಿ ಮೂರು ಅಡ್ಡ ಪಟ್ಟಿ, ಮಿಲಾನ್‌ಗೆ ಸಣ್ಣ ಸಣ್ಣ ಉದ್ದ ಪಟ್ಟಿಗಳು, ಹಿಂದೆ ಲೈಟು ಬೇರೆ. ನಡುವೆ ಇರೋ ಬಾಗಿಲು, ಟಾಪು, ಗಾಜು ನೋಡಿ ಯಾವುದು ಯಾವುದು ಅಂತ ಹೇಳಿ ನೋಡೋಣ! ಗಿರಾಕಿ ದಡ್ಡನಲ್ಲ ಅಲ್ವಾ? ಒಂದು ಗ್ರಿಲ್‌ಗೋಸ್ಕರ ಯಾಕೆ ಹೆಚ್ಚಿಗೆ ಕೊಡುತ್ತಾನೆ?

ಹಾಗಂತ ಪೂರ್ತಿ ತಪ್ಪು ಫೋರ್ಡ್‌ನದೇ ಅಂತಲೂ ಅಲ್ಲ. ಮಧ್ಯದ ಜಾಗವೇ ಕರಗಿಹೋಗಿತ್ತು. ಲೆದರ್ ಸೀಟು, ಸನ್‌ರೂಫ್, ಒಳ್ಳೆಯ ಮ್ಯೂಸಿಕ್ ಸಿಸ್ಟಮ್ ಎಲ್ಲಾ ಸಾಧಾರಣ ಕಾರಿನ ಟಾಪ್ ಮಾಡೆಲ್‌ನಲ್ಲೇ ಬರೋಕೆ ಶುರುವಾಯಿತು. ಇನ್ನೊಂದು ಕಡೆ ಅಮೆರಿಕದಲ್ಲಿ ಕಾರನ್ನು ಕೊಳ್ಳದೆ ಕೆಲವು ವರ್ಷ ಬಾಡಿಗೆಗೆ ಇಟ್ಟುಕೊಳ್ಳುವ ಲೀಸ್ ಪದ್ಧತಿ ಬೆಳೆದು, ತಿಂಗಳ ಕಂತಿನ ಲೆಕ್ಕದಲ್ಲಿ ಬಿಎಂಡಬ್ಲ್ಯು, ಲೆಕ್ಸಸ್ ಕೂಡ ಕೈಗೆಟುಕುವ ಹಾಗಾದವು. ಕೆಳಗಿನವರು ಮೇಲೆ ಬಂದರು, ಮೇಲಿನವರು ಕೆಳಗೆ ಇಳಿದರು, ನಡುವೆ ನಿಂತವರು ಸಿಕ್ಕಿಹಾಕಿಕೊಂಡರು. ಪ್ಲಿಮತ್, ಓಲ್ಡ್ಸ್‌ಮೊಬೀಲ್, ಪಾಂಟಿಯಾಕ್ ಎಲ್ಲಾ ಹತ್ತೇ ವರ್ಷದೊಳಗೆ ಹೋಗಿದ್ದು ಸುಮ್ನೆ ಅಲ್ಲ. ಮರ್ಕ್ಯುರಿ 1978ರಲ್ಲಿ 5 ಲಕ್ಷಕ್ಕೂ ಹೆಚ್ಚು ಕಾರು ಮಾರಿತ್ತು. 2009ರಲ್ಲಿ ಒಂದು ಲಕ್ಷವೂ ದಾಟಲಿಲ್ಲ. 2010ರ ಜೂನ್‌ನಲ್ಲಿ ಮುಚ್ಚುತ್ತೇವೆ ಅಂದರು, 2011ರ ಜನವರಿಯಲ್ಲಿ ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಿಂದ ಕೊನೆಯ ಗಾಡಿ ಹೊರಬಿತ್ತು. ಅದೂ ಗ್ರ್ಯಾಂಡ್ ಮಾರ್ಕ್ವಿಸ್ಸೇ, ನಿಮ್ಮ ಅಜ್ಜನಿಗೆ ಹೇಳಿ.

ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ವಿ8 ಎಂಜಿನ್, ಗಟ್ಟಿ ಛಾಸಿ, ಸೋಫಾದಂಥ ಸೀಟು. ಆದರೆ ಅದು ಅಡಿಯಿಂದ ಮುಡಿಯವರೆಗೆ ಫೋರ್ಡ್ ಕ್ರೌನ್ ವಿಕ್ಟೋರಿಯಾ, ಅಂದರೆ ನಿಮ್ಮೂರಿನ ಪೊಲೀಸರೂ ಟ್ಯಾಕ್ಸಿಯವರೂ ವರ್ಷಗಟ್ಟಲೆ ಓಡಿಸಿದ ಗಾಡಿ. ಇದನ್ನು ಮಾತ್ರ ಅವರಿಗೆ ಹೇಳಬೇಡಿ.

ಪ್ರಶ್ನೆ: ಮರ್ಕ್ಯುರಿಗೆ ಒಂದು ನ್ಯಾಯ, ಲಿಂಕನ್‌ಗೆ ಇನ್ನೊಂದಾ? ಅದೂ ಫೋರ್ಡ್‌ಗೆ ಬೇರೆ ಬಟ್ಟೆ ತೊಡಿಸಿದ ಕಾರೇ ತಾನೇ?
– ಓದುಗರು, ಧಾರವಾಡ

ಉತ್ತರ: ಗಟ್ಟಿ ಪ್ರಶ್ನೆ. ಬಹಳ ವರ್ಷ ಹಾಗೇ ಇತ್ತು, ಇಲ್ಲ ಅನ್ನಲ್ಲ. ಆದರೆ ವ್ಯತ್ಯಾಸ ಇರೋದು ಲಾಭದಲ್ಲಿ. ದೊಡ್ಡ ಎಸ್‌ಯುವಿಯನ್ನು ಐಷಾರಾಮಿ ಹೆಸರಿನಲ್ಲಿ ಮಾರಿದರೆ ಒಂದೊಂದು ಗಾಡಿಯಲ್ಲೂ ಸಿಗೋ ದುಡ್ಡು ಬಹಳ ಜಾಸ್ತಿ. 1998ರ ಮಾಡೆಲ್ ಆಗಿ ಬಂದ ಲಿಂಕನ್ ನ್ಯಾವಿಗೇಟರ್ ಅಡಿಯಲ್ಲಿ ಫೋರ್ಡ್ ಎಕ್ಸ್‌ಪೆಡಿಷನ್ನೇ. ಆದರೂ ಜನ ಮುಗಿಬಿದ್ದರು, ಯಾಕೆಂದರೆ ಆಗ ಕ್ಯಾಡಿಲಾಕ್ ಬಳಿ ಅಂಥದ್ದು ಇರಲಿಲ್ಲ. ಆ ವರ್ಷ ಲಿಂಕನ್ ತನ್ನನ್ನು ಹಿಂದೆ ಹಾಕುತ್ತದೆ ಅಂತ ಕಂಡಾಗ ಕ್ಯಾಡಿಲಾಕ್ ಬರೀ 222 ಕಾರಿನಿಂದ ನಾವೇ ಮುಂದೆ ಅಂತ ಲೆಕ್ಕ ಕೊಟ್ಟಿತು. ಕೆಲವೇ ತಿಂಗಳಲ್ಲಿ ಆ ಲೆಕ್ಕ ಸುಳ್ಳು ಅಂತ ಗೊತ್ತಾಗಿ ಕ್ಷಮೆ ಕೇಳಬೇಕಾಯಿತು. ಐಷಾರಾಮಿ ಹೆಸರಿಗೆ ಎಷ್ಟು ಬೆಲೆ ಅಂತ ಇದರಲ್ಲೇ ಗೊತ್ತಾಗುತ್ತೆ.

ಆದರೆ ಆ ದುಡ್ಡು ಲಿಂಕನ್‌ಗೆ ವಾಪಸ್ ಬರಲಿಲ್ಲ. ಎಂಕೆಝಡ್, ಎಂಕೆಎಕ್ಸ್, ಎಂಕೆಎಸ್, ಎಂಕೆಟಿ ಅಂತ ಹೆಸರಿಟ್ಟು ಡೀಲರ್‌ಗಳಿಗೇ ತಲೆನೋವು ತಂದರು. ಟೊಯೊಟಾ ಏನು ಮಾಡಿತು ನೋಡಿ. 1989ರಲ್ಲಿ ತನ್ನ ಐಷಾರಾಮಿ ಬ್ರ್ಯಾಂಡ್ ಲೆಕ್ಸಸ್‌ನ ಎಲ್‌ಎಸ್ 400 ತರುವಾಗ ಎಂಜಿನ್ ಹೊಸದು, ಬಾಡಿ ಹೊಸದು, ಶೋರೂಮೂ ಬೇರೆ. ಅದೇ ಡಿಸೆಂಬರ್‌ನಲ್ಲಿ ಒಂದೆರಡು ಸಣ್ಣ ದೂರು ಬಂದವು, ಅಷ್ಟಕ್ಕೇ ಸುಮಾರು 8,000 ಕಾರುಗಳನ್ನೂ ವಾಪಸ್ ಕರೆಸಿದರು. ಎಷ್ಟೋ ಕಡೆ ಡೀಲರ್‌ಗಳೇ ಮನೆಗೆ ಹೋಗಿ ಗಾಡಿ ತಂದು, ರಿಪೇರಿ ಮಾಡಿ, ತೊಳೆದು, ಪೆಟ್ರೋಲ್ ತುಂಬಿಸಿ ಮತ್ತೆ ಬಾಗಿಲಿಗೆ ಬಿಟ್ಟು ಬಂದರು. ಸುಮಾರು ಮೂರು ವಾರದಲ್ಲಿ ಕೆಲಸ ಮುಗಿಯಿತು. ಹೊಸ ಬ್ರ್ಯಾಂಡ್ ಮುಳುಗಬಹುದಾಗಿದ್ದ ಪ್ರಸಂಗ, ಅದರಲ್ಲೇ ಹೆಸರು ಗಳಿಸಿದರು. ಇಂಥದ್ದಕ್ಕೆ ದುಡ್ಡೂ ಬೇಕು, ತಾಳ್ಮೆಯೂ ಬೇಕು. ಇವೆರಡನ್ನೂ ಕೊಡೋಕೆ ಮನಸ್ಸಿಲ್ಲದಿದ್ದರೆ ಲಿಂಕನ್ನನ್ನೂ ಮುಚ್ಚಲಿ, ನನ್ನ ತಕರಾರಿಲ್ಲ. ಈಗ ಅಲ್ಲಿ ಬರೀ ಎಸ್‌ಯುವಿಗಳು, ಅದರಲ್ಲಿ ನಾಟಿಲಸ್ ಅನ್ನೋದು ಚೀನಾದಲ್ಲಿ ತಯಾರಾಗಿ ಅಮೆರಿಕಕ್ಕೆ ಬರುತ್ತೆ. ಕೆನಡಿ ಓಡಾಡುತ್ತಿದ್ದ ಲಿಂಕನ್ ಕಾಂಟಿನೆಂಟಲ್‌ನ ಕಾಲದವರು ಕೇಳಿದರೆ ಏನಂತಾರೋ!

ಪ್ರಶ್ನೆ: ಐಷಾರಾಮಿ ಬ್ರ್ಯಾಂಡ್ ಬೇಕು ಅಂತೀರಿ. ಮತ್ತೆ ಫೋರ್ಡ್‌ನವರು ಜಾಗ್ವಾರ್, ಲ್ಯಾಂಡ್ ರೋವರ್ ನಮ್ಮ ಟಾಟಾಗೆ ಮಾರಿದ್ದು ದಡ್ಡತನ ಅಲ್ವಾ?
– ಓದುಗರು, ಮಂಗಳೂರು

ಉತ್ತರ: ಮನೆಗೆ ಬೆಂಕಿ ಬಿದ್ದಾಗ ತೆಗೆದುಕೊಂಡ ತೀರ್ಮಾನ ಅದು. 2006ರಲ್ಲಿ ಫೋರ್ಡ್ ನಷ್ಟ 1,200 ಕೋಟಿ ಡಾಲರ್ ದಾಟಿತ್ತು. ಬೋಯಿಂಗ್‌ನಿಂದ ಬಂದು ಫೋರ್ಡ್ ಸಿಇಒ ಆದ ಅಲನ್ ಮುಲಾಲಿ ಕಾರ್ಖಾನೆಗಳ ಜೊತೆಗೆ ಆ ನೀಲಿ ಲೋಗೋವನ್ನೂ ಅಡವಿಟ್ಟು ಸುಮಾರು 2,350 ಕೋಟಿ ಡಾಲರ್ ಸಾಲ ಎತ್ತಿದರು. ಆಮೇಲೆ ಒಂದೊಂದಾಗಿ ಮಾರಿದರು. 2007ರಲ್ಲಿ ಆಸ್ಟನ್ ಮಾರ್ಟಿನ್ ಹೋಯಿತು. 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ 230 ಕೋಟಿ ಡಾಲರ್‌ಗೆ ಟಾಟಾ ಪಾಲಾಯಿತು. ಜಾಗ್ವಾರ್ ಒಂದಕ್ಕೇ ಫೋರ್ಡ್ 250 ಕೋಟಿ ಕೊಟ್ಟಿತ್ತು, ಲ್ಯಾಂಡ್ ರೋವರ್ ಖರ್ಚು ಬೇರೆ! 645 ಕೋಟಿಗೆ ಕೊಂಡ ವೋಲ್ವೋ ಕಾರು ಕಂಪನಿಯನ್ನು 2010ರಲ್ಲಿ ಚೀನಾದ ಜೀಲಿಗೆ 180 ಕೋಟಿಗೆ ಕೊಡೋಕೆ ಒಪ್ಪಿದರು. ನಷ್ಟದ ಮಾರಾಟವೇ. ಆದರೆ 2009ರಲ್ಲಿ ಜನರಲ್ ಮೋಟಾರ್ಸ್, ಕ್ರೈಸ್ಲರ್ ಎರಡೂ ದಿವಾಳಿ ಕೋರ್ಟಿಗೆ ಹೋದಾಗ ಫೋರ್ಡ್ ಹೋಗಲಿಲ್ಲ.

ಮಾರಿದ್ದಕ್ಕಿಂತ ಇಟ್ಟುಕೊಂಡಿದ್ದಾಗ ಮಾಡಿದ್ದೇ ನನಗೆ ದಡ್ಡತನ ಅನಿಸೋದು. 2001ರ ಜಾಗ್ವಾರ್ ಎಕ್ಸ್-ಟೈಪ್ ನೋಡಿ. ಫೋರ್ಡ್ ಮೊಂಡಿಯೊ ಅಡಿಪಾಯದ ಮೇಲೆ ಕಟ್ಟಿದ್ದು ಅಂತ ಎಲ್ಲರಿಗೂ ಗೊತ್ತಾಗಿ ನಗೆಪಾಟಲಾಯಿತು.

ಪ್ರಶ್ನೆ: ಜನರಲ್ ಮೋಟಾರ್ಸ್ ಪಾಂಟಿಯಾಕ್ ಮುಚ್ಚಿ ಬ್ಯೂಕ್ ಯಾಕೆ ಉಳಿಸಿತು? ಎರಡೂ ಮಧ್ಯಮ ದರ್ಜೆಯವೇ ಅಲ್ವಾ?
– ಓದುಗರು, ತುಮಕೂರು

ಉತ್ತರ: ಚೀನಾ. ಅಮೆರಿಕದಲ್ಲಿ ಬ್ಯೂಕ್ ಅಂದರೆ ವಯಸ್ಸಾದವರ ಕಾರು, ಶಾಂಘೈನಲ್ಲಿ ಗೌರವದ ಕಾರು. ಕೊನೆಯ ಚಕ್ರವರ್ತಿ ಪುಯಿ ಕಾಲದಿಂದಲೂ ಅಲ್ಲಿ ಅದಕ್ಕೆ ಹೆಸರಿತ್ತು. ಪಾಂಟಿಯಾಕ್‌ಗೆ ಅಂಥ ಎರಡನೇ ಮನೆ ಇರಲಿಲ್ಲ.

ಪ್ರಶ್ನೆ: ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ನಡುವೆ ಒದ್ದಾಡುತ್ತಿದ್ದೇನೆ. ಎರಡೂ ಒಂದೇ ಕಾರು ಅಂತಾರೆ. ನಾವೂ ಗ್ರಿಲ್‌ಗೆ ದುಡ್ಡು ಕೊಡುತ್ತಿದ್ದೇವಾ?
– ಓದುಗರು, ಹಾಸನ

ಉತ್ತರ: ಹೆಚ್ಚುಕಮ್ಮಿ ಒಂದೇ. 2022ರಲ್ಲಿ ಎರಡೂ ಬಿಡದಿಯ ಟೊಯೊಟಾ ಕಾರ್ಖಾನೆಯಿಂದಲೇ ಬಂದವು. ಬರೀ ಬ್ಯಾಟರಿಯಲ್ಲೂ ಸ್ವಲ್ಪ ದೂರ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್ ಎಂಜಿನ್ ಟೊಯೊಟಾದ್ದು, ಬ್ಯಾಟರಿ ಪೆಟ್ರೋಲ್ ಎಂಜಿನ್‌ಗೆ ಸ್ವಲ್ಪ ಕೈಜೋಡಿಸುವ ಮೈಲ್ಡ್ ಹೈಬ್ರಿಡ್ ಸುಜುಕಿಯದು, ಎರಡು ಕಾರಿಗೂ ಅವೇ. ಆದರೆ ಇಲ್ಲಿ ಕಥೆ ಮರ್ಕ್ಯುರಿಯದಲ್ಲ, ಯಾಕೆಂದರೆ ಇವು ಬೇರೆ ಬೇರೆ ಕಂಪನಿಗಳು, ಇಬ್ಬರೂ ಖರ್ಚು ಹಂಚಿಕೊಂಡಿದ್ದಾರೆ, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಸಿದರೂ ಕಾರ್ಖಾನೆ ಓಡುತ್ತೆ. ಮಾರುತಿಯವರ ಇನ್ನೊಂದು ಜಾಣತನ ಹೇಳಲೇಬೇಕು. ದುಬಾರಿ ಕಾರು ಮಾರೋಕೆ 2015ರಲ್ಲಿ ಹೊಸ ಬ್ರ್ಯಾಂಡ್ ಹುಟ್ಟುಹಾಕುವ ಗೋಜಿಗೆ ಹೋಗದೆ ನೆಕ್ಸಾ ಅಂತ ಬೇರೆ ಶೋರೂಮ್ ತೆರೆದರು. ಒಳಗೆ ಕರಿ-ಬಿಳಿ ಅಲಂಕಾರ, ಎಸಿ, ಕಾಫಿ, ಬಾನೆಟ್ ಮೇಲೆ ಮಾತ್ರ ಅದೇ ಹಳೇ ಸುಜುಕಿ ಗುರುತು. ಮಧ್ಯಮ ದರ್ಜೆಯ ಬ್ರ್ಯಾಂಡ್ ಸಾಕೋದಕ್ಕಿಂತ ಇದು ಎಷ್ಟೋ ಅಗ್ಗ.

ನೀವು ಮಾಡಬೇಕಾದ್ದು ಇಷ್ಟೇ. ಒಂದೇ ಮಟ್ಟದ ವೇರಿಯಂಟ್‌ಗೆ ಎರಡೂ ಕಡೆ ಆನ್‌ರೋಡ್ ಬೆಲೆ ಬರೆಸಿಕೊಳ್ಳಿ, ಇನ್ಶೂರೆನ್ಸ್ ಮತ್ತು ವಾರಂಟಿ ಲೆಕ್ಕ ಬೇರೆಯಾಗಿ ಕೇಳಿ. ನಿಮಗೆ ಹತ್ತಿರವಿರುವ ಎರಡೂ ಸರ್ವಿಸ್ ಸೆಂಟರ್‌ಗೆ ಒಂದು ಸಲ ಹೋಗಿ, ಅಲ್ಲಿ ಗಾಡಿ ಬಿಟ್ಟು ಕಾಯುತ್ತಿರುವವರನ್ನು ಮಾತಾಡಿಸಿ. ಕಾರು ಬೇಗ ಕೊಡುವವರ ಹತ್ತಿರ ತಗೊಳ್ಳಿ. ಗ್ರಿಲ್ ಯಾವುದು ಚೆನ್ನಾಗಿದೆ ಅಂತ ಮಾತ್ರ ನನ್ನನ್ನು ಕೇಳಬೇಡಿ, ಮನೆಯಲ್ಲಿ ಕೇಳಿ.