ಎರಡು ಪಿಂಚಣಿಗಳ ನಡುವಿನ ಗಡಿಕಲ್ಲು

ಓದುಗರ ಪತ್ರ: ಮಾನ್ಯ ಸಂಪಾದಕರೇ, ನಮ್ಮ ಪಾವಗಡ ತಾಲ್ಲೂಕಿಗೆ ಮೂರು ದಿಕ್ಕಿನಲ್ಲೂ ಆಂಧ್ರವೇ. ನನ್ನ ಅಕ್ಕನನ್ನು ಮಡಕಶಿರಾ ಕಡೆಗೆ ಕೊಟ್ಟಿದ್ದೇವೆ. ತಿಂಗಳ ಮೊದಲ ದಿನ ಆಕೆಯ ಮನೆ ಬಾಗಿಲಿಗೆ ಬಂದು ನಾಲ್ಕು ಸಾವಿರ ರೂಪಾಯಿ ವೃದ್ಧಾಪ್ಯ ಪಿಂಚಣಿ ಕೊಟ್ಟು ಹೋಗುತ್ತಾರೆ. ನನ್ನ ಪಕ್ಕದ ಮನೆಯ ಅಜ್ಜಿಗೂ ಅಷ್ಟೇ ವಯಸ್ಸು, ಅವರದೂ ಅಷ್ಟೇ ಬಡತನ. ಆದರೆ ಬರುವುದು 1,200. ಒಂದೇ ದೇಶ, ಒಂದೇ ಸಂವಿಧಾನ, ನಡುವೆ ಒಂದು ಗಡಿಕಲ್ಲು. ಈ ಪಿಂಚಣಿ, ಪಡಿತರ, ಬಸ್ಸು ಎಲ್ಲವನ್ನೂ ಕೇಂದ್ರವೇ ವಹಿಸಿಕೊಂಡು ಎಲ್ಲರಿಗೂ ಒಂದೇ ಸಮನಾಗಿ ಕೊಡಬಾರದೇಕೆ? ರಾಜ್ಯಗಳ ಈ ಬಿಟ್ಟಿ ಪೈಪೋಟಿಯಾದರೂ ನಿಲ್ಲುತ್ತದೆ. (ಅಜ್ಜಿಯನ್ನು ಅಕ್ಕನ ಊರಿಗೆ ಕಳಿಸಿ ಅಲ್ಲಿಯೇ ಹೆಸರು ಬರೆಸಬಹುದೇ ಎಂದು ನಾವು ನಗೆಯಾಡುತ್ತಿರುತ್ತೇವೆ.) – ನಿವೃತ್ತ ಮುಖ್ಯೋಪಾಧ್ಯಾಯ, ಪಾವಗಡ ತಾಲ್ಲೂಕು

ಸಂಪಾದಕರ ಉತ್ತರ:

ಮಾನ್ಯ ಮೇಷ್ಟ್ರೇ,

ನಿಮ್ಮ ಪತ್ರ ಒಂದು ವಾರದಿಂದ ನನ್ನ ಮೇಜಿನ ಮೇಲಿದೆ. ಒಕ್ಕೂಟ ವ್ಯವಸ್ಥೆಯ ಬಗ್ಗೆ ನಮಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಭಾಷಣದ ಧಾಟಿಯಲ್ಲಿರುತ್ತವೆ. ಅಕ್ಕನ ಮನೆಯ ಲೆಕ್ಕವನ್ನೂ ಪಕ್ಕದ ಮನೆಯ ಲೆಕ್ಕವನ್ನೂ ಎದುರುಬದುರು ಇಟ್ಟು ಕೇಳಿದವರು ನೀವೊಬ್ಬರೇ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಕೊನೆಗೆ ಬರೆದ ಉತ್ತರಕ್ಕೆ, ನೀವು ನಿಮ್ಮ ಮಕ್ಕಳಿಗೆ ಕೊಡುತ್ತಿದ್ದಂತೆ, ನಾನು ಕೆಂಪು ಗೆರೆ ಎಳೆಯಲೇಬೇಕಾಗಿದೆ.

ಮೊದಲು ಲೆಕ್ಕದಲ್ಲಿ ಬಿಟ್ಟುಹೋದ ಒಂದು ಸಾಲು. ಪಡಿತರ ಚೀಟಿಯಲ್ಲಿ ಅಜ್ಜಿಯೇ ಮನೆಯ ಯಜಮಾನಿಯಾಗಿದ್ದರೆ, 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವರಿಗೆ ಸಲ್ಲಬೇಕು. ಆಗ ನಾಲ್ಕು ಸಾವಿರದ ಎದುರು ನಿಲ್ಲುವುದು 3,200. ಸೊಸೆ ಯಜಮಾನಿಯಾಗಿದ್ದರೆ ಅಜ್ಜಿಯ ಪಾಲಿಗೆ ಆ ಹಣ ಎಷ್ಟು ಬರುತ್ತದೆ ಎಂಬುದು ಅತ್ತೆ ಸೊಸೆಯರಿಗೆ ಬಿಟ್ಟ ವಿಚಾರ, ಪತ್ರಿಕೆ ಅಲ್ಲಿ ತಲೆಹಾಕುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೇಂದ್ರವೇ ಪಿಂಚಣಿ ವಹಿಸಿಕೊಳ್ಳಲಿ ಎನ್ನುತ್ತೀರಿ. ಕೇಂದ್ರ ಅದನ್ನು ವಹಿಸಿಕೊಂಡು ಆಗಲೇ ಮೂವತ್ತು ವರ್ಷ ಕಳೆದಿದೆ. 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಆರಂಭವಾದಾಗ ಬಡ ವೃದ್ಧರಿಗೆ ದಿಲ್ಲಿ ಕೊಡುತ್ತಿದ್ದದ್ದು ತಿಂಗಳಿಗೆ 75 ರೂಪಾಯಿ. ಮುಂದೆ ಅದು 200 ಆಯಿತು. 2007ರಲ್ಲಿ ಯೋಜನೆಯ ಹೆಸರು ಬದಲಾದಾಗಲೂ 200, ಇಂದಿಗೂ ಎಂಬತ್ತು ದಾಟದವರಿಗೆ ಅದೇ 200. ಎಂಬತ್ತು ದಾಟಿದವರಿಗೆ 500. ಈ ನಡುವೆ ತೊಗರಿಬೇಳೆಯ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ನಿಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಸಾಕು. ಅಂದರೆ ನಿಮ್ಮ ಅಕ್ಕನ ನಾಲ್ಕು ಸಾವಿರದಲ್ಲಿ ಅವರು ಕೇಂದ್ರದ ಪಟ್ಟಿಯಲ್ಲಿದ್ದರೆ ದಿಲ್ಲಿಯ ಪಾಲು ಇನ್ನೂರೋ ಐನೂರೋ ಇರಬಹುದು, ಪಟ್ಟಿಯಲ್ಲಿಲ್ಲದಿದ್ದರೆ ಅದೂ ಇಲ್ಲ. ಮಿಕ್ಕದ್ದೆಲ್ಲ ಆಂಧ್ರದ ಬೊಕ್ಕಸದ್ದು. ನಮ್ಮ ಅಜ್ಜಿಯ 1,200ರ ಕಥೆಯೂ ಇದೇ. ನಿಮ್ಮ ಇಚ್ಛೆ 2007ರಲ್ಲಿಯೇ ಈಡೇರಿದ್ದಿದ್ದರೆ ಅಕ್ಕನಿಗೂ ಅಜ್ಜಿಗೂ ನಡುವೆ ಇವತ್ತು ಯಾವ ತಾರತಮ್ಯವೂ ಇರುತ್ತಿರಲಿಲ್ಲ. ಇಬ್ಬರೂ ಇನ್ನೂರು ರೂಪಾಯಿ ಎಣಿಸುತ್ತಿದ್ದರು.

ನಿಮ್ಮ ವಾದದಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದಾಯ ಕಡಿಮೆಯಿರುವ ಬಿಹಾರದಂಥ ರಾಜ್ಯ ತನ್ನ ಕೈಯಿಂದಲೇ ಎಲ್ಲವನ್ನೂ ಕೊಡಲಾರದು. 2025ರವರೆಗೂ ಅಲ್ಲಿನ ಪಿಂಚಣಿ 400 ರೂಪಾಯಿ ಇತ್ತು. 2013ರ ಆಹಾರ ಭದ್ರತಾ ಕಾಯ್ದೆಯನ್ನು ಸಂಸತ್ತೇ ಮಾಡಬೇಕಾಗಿತ್ತು. ಕೆಲಸ ಹುಡುಕಿಕೊಂಡು ಊರು ಬಿಟ್ಟವನಿಗೆ ಹೋದಲ್ಲಿ ಅಕ್ಕಿ ಸಿಗಬೇಕಾದರೆ ದೇಶಕ್ಕೆಲ್ಲ ಒಪ್ಪಿಗೆಯಾದ ಚೀಟಿ ಬೇಕು. 2020ರ ಬೇಸಿಗೆಯಲ್ಲಿ ಹೆದ್ದಾರಿಯ ಮೇಲೆ ನಡೆದುಹೋದವರನ್ನು ಕಂಡ ಯಾರೂ ಇದನ್ನು ಅಲ್ಲಗಳೆಯುವುದಿಲ್ಲ. ಇಷ್ಟನ್ನು ಒಪ್ಪಿ ಮುಂದೆ ಹೋಗೋಣ.

ನೀವು ಮೇಷ್ಟ್ರಾಗಿದ್ದವರು, ಬಿಸಿಯೂಟದಿಂದಲೇ ಶುರು ಮಾಡುತ್ತೇನೆ. ನಾನು ಓದಿದ ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನಕ್ಕೆ ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆಯ ಹಳದಿ ಹಿಟ್ಟಿನ ಉಪ್ಪಿಟ್ಟು ಮಾಡುತ್ತಿದ್ದರು. ಮುತ್ತುಗದ ಎಲೆಯ ಮೇಲೆ ಅದು ಅಂಟಿಕೊಂಡು ಬಿಸಿ ಆರುವ ಹೊತ್ತಿಗೆ ಗಟ್ಟಿಯಾಗುತ್ತಿತ್ತು. ಹಸಿದವರಿಗೆ ರುಚಿಯ ಚಿಂತೆಯಿರಲಿಲ್ಲ, ತಳ ಹಿಡಿದ ಸೀಕಲಿಗಾಗಿ ಜಗಳವೂ ಆಗುತ್ತಿತ್ತು. ಹಡಗಿನಲ್ಲಿ ಹಿಟ್ಟು ಬರದ ತಿಂಗಳು ಉಪ್ಪಿಟ್ಟೂ ಇಲ್ಲ. ಅದಕ್ಕೂ ಬಹಳ ಮೊದಲೇ, 1950ರ ದಶಕದಲ್ಲಿ, ಪಕ್ಕದ ಮದ್ರಾಸ್ ರಾಜ್ಯದಲ್ಲಿ ಕಾಮರಾಜರು ಶಾಲೆಯಲ್ಲಿಯೇ ಊಟ ಹಾಕಿಸಲು ತೊಡಗಿದ್ದರು. 1982ರಲ್ಲಿ ಎಂ.ಜಿ. ರಾಮಚಂದ್ರನ್ ಅದನ್ನು ಬಹಳ ದೊಡ್ಡದಾಗಿ ವಿಸ್ತರಿಸಿದಾಗ, ಹಣ ಪೋಲು, ಮತಕ್ಕಾಗಿ ಅನ್ನ ಎಂಬ ಟೀಕೆಗಳಿಗೆ ಕೊರತೆಯಿರಲಿಲ್ಲ. ದೇಶದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್ 28ರಂದು. ನಮ್ಮ ಅಕ್ಷರ ದಾಸೋಹ ಆರಂಭವಾದದ್ದು ಅದರ ಮರುವರ್ಷ, ಈಶಾನ್ಯದ ಜಿಲ್ಲೆಗಳಲ್ಲಿ. ಒಂದು ರಾಜ್ಯ ತನ್ನ ಹಣ, ತನ್ನ ಹೆಸರು ಎರಡನ್ನೂ ಪಣಕ್ಕಿಟ್ಟು ಮಾಡಿ ತೋರಿಸಿರದಿದ್ದರೆ, ಇದು ಆಗುವ ಕೆಲಸ ಎಂದು ಹೇಳಲು ನ್ಯಾಯಾಲಯದ ಮುಂದೆ ಯಾವ ಸಾಕ್ಷಿ ಇರುತ್ತಿತ್ತು? ಅಂದಹಾಗೆ, ಇಂದು ನಿಮ್ಮೂರ ಶಾಲೆಯ ಮಕ್ಕಳು ತಿನ್ನುವ ಮೊಟ್ಟೆ, ಕುಡಿಯುವ ಹಾಲು ಕೂಡ ದಿಲ್ಲಿಯ ತೀರ್ಮಾನವಲ್ಲ.

ಉದ್ಯೋಗ ಖಾತ್ರಿಯ ಹುಟ್ಟೂ ಹೀಗೆಯೇ. 1972ರ ಬರದಲ್ಲಿ ಮಹಾರಾಷ್ಟ್ರ ಅದನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿತು, ಅಲ್ಲಿನ ವಿಧಾನ ಪರಿಷತ್ತಿನ ಸಭಾಪತಿ ವಿ.ಎಸ್. ಪಾಗೆಯವರು ಅದರ ಬೆನ್ನಿಗೆ ನಿಂತರು, 1977ರಲ್ಲಿ ಅದು ಕಾನೂನಾಯಿತು. ನನಗೆ ಅಚ್ಚರಿಯೆನಿಸುವುದು ಅದಕ್ಕೆ ಹಣ ಹೊಂದಿಸಿದ ಬಗೆ: ಪಟ್ಟಣದ ನೌಕರರ ಸಂಬಳದಿಂದ ವೃತ್ತಿ ತೆರಿಗೆ ಹಿಡಿದು ಹಳ್ಳಿಯ ಕೂಲಿಗೆ ಕೊಟ್ಟರು. ನಿಮ್ಮ ಸಂಬಳದ ಚೀಟಿಯಲ್ಲಿಯೂ ವೃತ್ತಿ ತೆರಿಗೆ ಎಂಬ ಒಂದು ಸಾಲು ಇದ್ದದ್ದು ನೆನಪಿರಬಹುದು. ದಿಲ್ಲಿ ಆ ವಿಚಾರವನ್ನು ಕಾನೂನು ಮಾಡಿದ್ದು 2005ರಲ್ಲಿ. ರೈತರಿಗೆ ನೇರವಾಗಿ ಹಣ ಕೊಡುವ ಯೋಜನೆಯನ್ನು ತೆಲಂಗಾಣ 2018ರ ಮೇ ತಿಂಗಳಲ್ಲಿ ಆರಂಭಿಸಿದರೆ, ಪಿಎಂ ಕಿಸಾನ್ ಘೋಷಣೆಯಾದದ್ದು 2019ರ ಫೆಬ್ರುವರಿಯ ಬಜೆಟ್ಟಿನಲ್ಲಿ. ನಕಲು ಮಾಡಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಪಕ್ಕದವನ ಉತ್ತರ ಪತ್ರಿಕೆ ನೋಡಿ ಬರೆದ ಹುಡುಗ, ನಂತರ ಆ ಪಕ್ಕದವನನ್ನೇ ಪರೀಕ್ಷಾ ಕೊಠಡಿಯಿಂದ ಹೊರಗೆ ಹಾಕಿ ಎಂದರೆ ನೀವು ಒಪ್ಪುತ್ತಿದ್ದಿರಾ ಎಂದಷ್ಟೇ ಕೇಳುತ್ತೇನೆ.

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ಕೆನಡಾದಲ್ಲಿ ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಇದೆಯೆಂದು ಅಲ್ಲಿಗೆ ಹೋದ ನಮ್ಮ ಮಕ್ಕಳು ಹೆಮ್ಮೆಯಿಂದ ಹೇಳುತ್ತಾರೆ. ಅದು ಹುಟ್ಟಿದ್ದು ರಾಜಧಾನಿ ಒಟ್ಟಾವಾದಲ್ಲಲ್ಲ, ಗೋಧಿ ಬೆಳೆಯುವ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ. ಟಾಮಿ ಡಗ್ಲಸ್ ಅವರ ಸರ್ಕಾರ 1947ರಲ್ಲಿ ಆಸ್ಪತ್ರೆ ಖರ್ಚಿಗೆ ವಿಮೆ ತಂದಿತು. 1962ರ ಜುಲೈ 1ರಂದು ವೈದ್ಯರ ಶುಲ್ಕಕ್ಕೂ ವಿಮೆ ಜಾರಿಯಾದಾಗ ಪ್ರಾಂತ್ಯದ ವೈದ್ಯರು 23 ದಿನ ಮುಷ್ಕರ ಹೂಡಿದರು. ಸರ್ಕಾರ ವಿಮೆಯನ್ನು ಕೈಬಿಡಲಿಲ್ಲ. ನಾಲ್ಕು ವರ್ಷದ ನಂತರ, 1966ರಲ್ಲಿ, ಕೇಂದ್ರ ಕಾನೂನು ಮಾಡಿ ಖರ್ಚಿನ ಸುಮಾರು ಅರ್ಧವನ್ನು ತಾನು ಹೊರಲು ಒಪ್ಪಿತು, ಕೆಲವು ಷರತ್ತುಗಳನ್ನೂ ಹಾಕಿತು. ಆದರೆ ವಿಮೆಯನ್ನು ನಡೆಸುವ ಕೆಲಸ ಪ್ರಾಂತ್ಯದ ಕೈಯಲ್ಲಿಯೇ ಉಳಿಯಿತು. ಕೇಂದ್ರ ಮಾಡಬೇಕಾದ ಕೆಲಸ ಯಾವುದೆಂದು ನೀವು ಕೇಳಿದರೆ ನಾನು ಬೊಟ್ಟು ಮಾಡುವುದು ಇದರ ಕಡೆಗೆ.

ನಮ್ಮಲ್ಲಿ ಆಗುವುದೇನು? 2023ರಲ್ಲಿ ನಮ್ಮ ರಾಜ್ಯ ಅನ್ನಭಾಗ್ಯದಲ್ಲಿ ತಲೆಗೆ ಐದು ಕಿಲೋ ಹೆಚ್ಚುವರಿ ಅಕ್ಕಿ ಕೊಡಲು ಹೊರಟಿತು. ಪುಕ್ಕಟೆಯಾಗಿ ಕೊಡಿ ಎಂದು ಕೇಳಲಿಲ್ಲ. ಭಾರತೀಯ ಆಹಾರ ನಿಗಮದಿಂದ ಕಿಲೋಗೆ 34 ರೂಪಾಯಿ ಕೊಟ್ಟು ಕೊಳ್ಳುತ್ತೇವೆ ಎಂದಿತು. ಜೂನ್ 13ರಂದು ಕೇಂದ್ರ, ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯ ಸರ್ಕಾರಗಳಿಗೆ ಅಕ್ಕಿ, ಗೋಧಿ ಮಾರುವುದನ್ನೇ ನಿಲ್ಲಿಸಿತು. ಬೆಲೆಯೇರಿಕೆ ತಡೆಯಲು ಎಂಬುದು ಅದರ ಸಮಜಾಯಿಷಿ. ಖಾಸಗಿ ವರ್ತಕರಿಗೆ ಹರಾಜಿನ ಬಾಗಿಲು ಮಾತ್ರ ತೆರೆದೇ ಇತ್ತು. ಕೊನೆಗೆ ರಾಜ್ಯ ಐದು ಕಿಲೋ ಅಕ್ಕಿಯ ಬದಲಿಗೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಿತು. ಆ ದಿನಗಳಲ್ಲಿ ನಾನು ಒಂದು ನ್ಯಾಯಬೆಲೆ ಅಂಗಡಿಯ ಮುಂದೆ ನಿಂತಿದ್ದೆ. ಬೆರಳಚ್ಚು ಯಂತ್ರ ಮೂರು ಸಲ ಒಪ್ಪದೆ ನಾಲ್ಕನೆಯ ಸಲ ಒಪ್ಪಿದ ಮೇಲೆ, ಒಬ್ಬ ಮುದುಕಿ ಚೀಲ ಹಿಡಿದು ಕೇಳಿದ್ದು ಒಂದೇ ಮಾತು: “ಈ ತಿಂಗಳು ರಾಗಿ ಬಂದೈತೇನಪ್ಪಾ?”

ಆ ಪ್ರಶ್ನೆಗೆ ದಿಲ್ಲಿಯಲ್ಲಿ ಉತ್ತರವಿಲ್ಲ. ದೇಶಕ್ಕೆಲ್ಲ ಒಂದೇ ತಟ್ಟೆ ಬಡಿಸಲು ಹೊರಟವರಿಗೆ ಅಕ್ಕಿ ಗೊತ್ತು, ಗೋಧಿ ಗೊತ್ತು. ಇಲ್ಲಿಯ ರೈತರಿಂದ ರಾಗಿ, ಜೋಳ ಖರೀದಿಸಿ ದಕ್ಷಿಣದ ಜಿಲ್ಲೆಗಳಿಗೆ ಮುದ್ದೆಗೂ ಉತ್ತರದ ಜಿಲ್ಲೆಗಳಿಗೆ ರೊಟ್ಟಿಗೂ ಕಾಳು ಹೊಂದಿಸಬೇಕೆಂಬ ಯೋಚನೆ ಬೆಂಗಳೂರಿನಲ್ಲಿ ಕುಳಿತವರಿಗೆ ಬಂದೀತು, ಏಕೆಂದರೆ ಅವರು ಮತ ಕೇಳಲು ಹೋಗುವುದು ಆ ಮುದುಕಿಯ ಹಟ್ಟಿಗೇ. ಎಷ್ಟು ಜನರಿಗೆ ಕೊಡಬೇಕು ಎಂಬುದರಲ್ಲಿಯೂ ಇದೇ ಕಥೆ. ಆಹಾರ ಭದ್ರತಾ ಕಾಯ್ದೆಯ ತಲೆಲೆಕ್ಕ ಇನ್ನೂ 2011ರ ಜನಗಣತಿಯ ಮೇಲೆಯೇ ನಿಂತಿದೆ. ಅಲ್ಲಿಂದೀಚೆಗೆ ಹುಟ್ಟಿದ ಮಕ್ಕಳು ಪ್ರೌಢಶಾಲೆಗೆ ಬಂದಿದ್ದಾರೆ. ಕೇಂದ್ರದ ಮಿತಿಗಿಂತ ಹೆಚ್ಚಾದ ಚೀಟಿಗಳ ಹೊರೆ ರಾಜ್ಯದ್ದೇ.

ಇನ್ನು ಹಣದ ಮಾತು. ರಾಜ್ಯಗಳು ದಿವಾಳಿಯಾಗುತ್ತವೆ ಎನ್ನುವವರು ರಾಜ್ಯದ ಜೇಬನ್ನು ಕತ್ತರಿಸಿದ್ದು ಯಾರೆಂದು ಹೇಳುವುದಿಲ್ಲ. 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿತು. ಕೇಂದ್ರ ತೆರಿಗೆಯ ಮೇಲೆ ಹಾಕುವ ಸೆಸ್ಸು, ಸರ್‌ಚಾರ್ಜುಗಳ ಹಣವಂತೂ ಹಂಚಿಕೆಯ ರಾಶಿಗೆ ಬರುವುದೇ ಇಲ್ಲ. ಬಹುತೇಕ ಕೇಂದ್ರ ಪ್ರಾಯೋಜಿತ ಯೋಜನೆಗಳಲ್ಲಿ ನೂರಕ್ಕೆ ನಲವತ್ತು ರೂಪಾಯಿ ರಾಜ್ಯ ಹಾಕಬೇಕು, ಫಲಕದ ಮೇಲೆ ಹೆಸರು ಮಾತ್ರ ಪ್ರಧಾನ ಮಂತ್ರಿಗಳದು, ಅದೂ ನಮ್ಮ ಹಳ್ಳಿಯ ನಾಲಿಗೆಗೆ ಹೊರಳದ ಹಿಂದಿಯಲ್ಲಿ. ಫಲಕ ಬರೆಯುವ ಪೇಂಟರಿಗೂ ಅದರ ಅರ್ಥ ತಿಳಿದಿರುವುದಿಲ್ಲ.

ಒಂದು ಮಾತಿಗೆ ಬೇಸರಿಸಬೇಡಿ: ‘ಬಿಟ್ಟಿ’ ಎಂದಿದ್ದೀರಿ. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಶುಲ್ಕವಿಲ್ಲದೆ ಪಾಠ ಹೇಳಿದವರ ಲೇಖನಿಯಿಂದ ಈ ಪದ ಬರಬಾರದಿತ್ತು. ಬಿಟ್ಟಿ ಎಂದರೆ ಹಿಂದೆ ಊರ ಗೌಡನಿಗೋ ಅಮಲ್ದಾರನಿಗೋ ಬಡವ ಕೂಲಿಯಿಲ್ಲದೆ ಮಾಡುತ್ತಿದ್ದ ಚಾಕರಿ. ಆ ಪದವನ್ನು ಈಗ ಅದೇ ಬಡವನ ಮೇಲೆ ತಿರುಗಿಸಿರುವುದರಲ್ಲಿ ನಮ್ಮ ಪತ್ರಿಕೋದ್ಯಮದ ಪಾಲೂ ದೊಡ್ಡದಿದೆ.

ರಾಜ್ಯದ ಪರ ಇಷ್ಟೆಲ್ಲ ಬರೆದವನು ರಾಜ್ಯದ ಒಂದು ಪಾಪವನ್ನೂ ಹೇಳಬೇಕು. ದಿಲ್ಲಿ ನಮಗೆ ಮಾಡುವುದನ್ನೇ ವಿಧಾನಸೌಧ ಪಂಚಾಯಿತಿಗಳಿಗೆ ಮಾಡುತ್ತಿದೆ. 1983ರ ಕಾಯ್ದೆ ತಂದು, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ನಿಜವಾದ ಅಧಿಕಾರ ಕೊಟ್ಟ ಸಚಿವ ಅಬ್ದುಲ್ ನಜೀರ್ ಸಾಬರನ್ನು ಜನ ‘ನೀರ್ ಸಾಬ್’ ಎಂದು ಕರೆದರು. ಅವರ ನಾಡಿನಲ್ಲಿಯೇ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಅಜ್ಜಿಯ ಪಿಂಚಣಿ ಎರಡು ತಿಂಗಳು ತಡವಾದರೆ ಕೇಳಲು ಅವರು ನಾಡಕಚೇರಿಗೆ ಅಲೆಯಬೇಕೇ ಹೊರತು, ತಾನು ಆರಿಸಿದ ತಾಲ್ಲೂಕು ಪಂಚಾಯಿತಿ ಸದಸ್ಯರ ಬಾಗಿಲು ತಟ್ಟುವ ಹಾಗಿಲ್ಲ.

ನಿಮ್ಮ ಆವರಣದೊಳಗಿನ ಪ್ರಶ್ನೆಗೆ ಬರುತ್ತೇನೆ. ಅಜ್ಜಿಯನ್ನು ಮಡಕಶಿರಾಕ್ಕೆ ಕಳಿಸಬೇಡಿ. ಅಕ್ಕನ ನಾಲ್ಕು ಸಾವಿರದ ಸುದ್ದಿಯನ್ನು ಮಾತ್ರ ಆಗಾಗ ಇತ್ತ ತನ್ನಿ, ನಿಮ್ಮ ಶಾಸಕರು ಇರುವ ಸಭೆಯಲ್ಲಿ ಅಜ್ಜಿಯ ಬಾಯಿಂದಲೇ ಹೇಳಿಸಿ. ಮಹಿಳೆಯರ ಉಚಿತ ಬಸ್ ಪ್ರಯಾಣ ಹೀಗೆಯೇ ಊರೂರು ದಾಟಿತು: 2019ರಲ್ಲಿ ದಿಲ್ಲಿ ರಾಜ್ಯ ಸರ್ಕಾರ, 2021ರಲ್ಲಿ ಪಂಜಾಬ್ ಮತ್ತು ತಮಿಳುನಾಡು, 2023ರ ಜೂನ್‌ನಲ್ಲಿ ನಮ್ಮ ಶಕ್ತಿ, ಅದೇ ಡಿಸೆಂಬರಿನಲ್ಲಿ ತೆಲಂಗಾಣ, 2025ರ ಆಗಸ್ಟ್ 15ಕ್ಕೆ ಆಂಧ್ರ. ಎರಡು ವರ್ಷ ನಿಮ್ಮ ಅಕ್ಕನವರು ಅಜ್ಜಿಯ ಸೊನ್ನೆ ರೂಪಾಯಿ ಟಿಕೆಟ್ಟನ್ನು ನೋಡಿ ಹೊಟ್ಟೆ ಉರಿದುಕೊಂಡಿರಬೇಕು. ಈಗ ಪಿಂಚಣಿಯ ವಿಷಯದಲ್ಲಿ ಅಜ್ಜಿಯ ಸರದಿ.

ಆದರೂ ಅಕ್ಕ ತವರಿಗೆ ಬರುವ ಅಂತರರಾಜ್ಯ ಬಸ್ಸಿನಲ್ಲಿ ಎರಡೂ ರಾಜ್ಯಗಳ ಉಚಿತ ಟಿಕೆಟ್ ನಡೆಯುವುದಿಲ್ಲ. ಇಂಥದ್ದನ್ನು ಕೂತು ಮಾತನಾಡಲೆಂದೇ ಸಂವಿಧಾನದ 263ನೇ ವಿಧಿಯಲ್ಲಿ ಅಂತರರಾಜ್ಯ ಪರಿಷತ್ತಿಗೆ ಅವಕಾಶವಿದೆ, ಅದರ ಅಧ್ಯಕ್ಷರು ಪ್ರಧಾನಿಗಳೇ. 2016ರ ಜುಲೈನಲ್ಲಿ ಸೇರಿದ ಆ ಪರಿಷತ್ತು ವರ್ಷಗಳೇ ಉರುಳಿದರೂ ಮತ್ತೆ ಸೇರಿಲ್ಲ. ಅಲ್ಲಿಯವರೆಗೆ ಅಕ್ಕನವರಿಗೆ ಬಸ್ಸಿನ ಚಿಲ್ಲರೆ ಇಟ್ಟುಕೊಂಡೇ ಹೊರಡಲು ಹೇಳಿ.

– ಸಂಪಾದಕ