ಕೆಳಗಿನ ಮನೆಯ ಸೀಲಿಂಗ್ ಸೋರುತ್ತಿದ್ದರೆ ರಿಪೇರಿ ಯಾರ ತಲೆಗೆ?

ನಿಮ್ಮ ಬಾತ್‌ರೂಮಿನಿಂದ ನೀರಿಳಿಯುತ್ತಿದೆ ಅಂತ ಕೆಳಗಿನ ಮನೆಯವರು ದೂರುತ್ತಿದ್ದಾರೆ, ‘ಬಿಲ್ಡರ್ ಕಟ್ಟಿದ್ದೇ ಸರಿಯಿಲ್ಲ, ನಾನ್ಯಾಕೆ ದುಡ್ಡು ಕೊಡಲಿ’ ಅಂತ ಕೇಳಿದ್ದೀರಿ. ಬಿಲ್ಡರ್ ಮಾತು ಆಮೇಲೆ. ಇವತ್ತೇ ಕೆಳಗೆ ಹೋಗಿ ನೋಡಿ. ಲೈಟಿನ ಹತ್ತಿರ ಹನಿಯುತ್ತಿದ್ದರೆ ಆ ಸಾಲಿನ ಎಂಸಿಬಿ (ಕರೆಂಟ್ ಬೋರ್ಡಿನ ಸ್ವಿಚ್) ಇಳಿಸಲು ಹೇಳಿ. ‘ನಮ್ಮ ಮನೆಯದೇ ಅಂತ ಗೊತ್ತಾದರೆ ಪೂರ್ತಿ ನಾನೇ ಮಾಡಿಸಿಕೊಡ್ತೀನಿ, ನಾಲ್ಕು ದಿನ ಕೊಡಿ’ ಅನ್ನಿ. ನನ್ನ ಪ್ರಕಾರ ಅರ್ಧ ಜಗಳ ಅಲ್ಲಿಗೇ ತಣ್ಣಗಾಗುತ್ತೆ.

ಈಗ ಪತ್ತೆ ಕೆಲಸ. ಯಾರೂ ನೀರು ಬಳಸದ ರಾತ್ರಿಯಲ್ಲೂ ಒಂದೇ ಸಮ ಹನಿಯುತ್ತಿದ್ದರೆ ಗೋಡೆಯೊಳಗಿನ ಪೈಪಿನ ಮೇಲೆ ಅನುಮಾನ. ಎಲ್ಲ ನಲ್ಲಿ ಮುಚ್ಚಿ ಮೀಟರ್ ನೋಡಿ, ತಿರುಗುತ್ತಿದ್ದರೆ ಅದೇ. ಸ್ನಾನದ ನಂತರ ಮಾತ್ರ ಹೆಚ್ಚಾದರೆ ನೆಲ ಅಥವಾ ನಾನಿ ಟ್ರ್ಯಾಪ್, ಅಂದರೆ ನೆಲದ ನೀರು ಹೊರಹೋಗುವ ಜಾಲರಿಯ ಕೆಳಗಿನ ಬಟ್ಟಲು. ಮೊದಲು ನೆಲ ಒದ್ದೆಯಾಗದಂತೆ ಹೋಸ್‌ಪೈಪಿನಲ್ಲಿ ಟ್ರ್ಯಾಪ್‌ಗೆ ಮಾತ್ರ ಎರಡು ಬಕೆಟ್ ಬಿಡಿ. ಕೆಳಗೆ ಏನೂ ಆಗದಿದ್ದರೆ ಮರುದಿನ ಟ್ರ್ಯಾಪ್ ಬಾಯಿ ಕಟ್ಟಿ, ನೆಲದ ಮೇಲೆ ಒಂದಿಂಚು ನೀರು 24 ಗಂಟೆ ನಿಲ್ಲಿಸಿ. ಎರಡನ್ನೂ ಒಂದೇ ದಿನ ಮಾಡಿದರೆ ಯಾವುದರಿಂದ ಸೋರಿತು ಅಂತ ತಿಳಿಯೋದೇ ಇಲ್ಲ.

ಟೈಲ್ಸ್ ಸಂದಿಯಷ್ಟೇ ಆಗಿದ್ದರೆ ಹಳೇ ಗ್ರೌಟ್ ಕೆರೆದು, ಪೂರ್ತಿ ಒಣಗಿಸಿ, ಎಪಾಕ್ಸಿ ಗ್ರೌಟ್ ತುಂಬಿಸಿ. ಬಿಳಿ ಸಿಮೆಂಟ್ ಬಳಿದು ಹೋಗುವ ಮೇಸ್ತ್ರಿ ಬೇಡ, ಅದು ಕೆಲವೇ ತಿಂಗಳಲ್ಲಿ ಬಿರುಕು ಬಿಡುತ್ತೆ. ಟ್ರ್ಯಾಪ್ ಜಾಯಿಂಟ್ ಹೋಗಿದ್ದರೆ ನೆಲ ಒಡೆಯದೆ ಗತಿಯಿಲ್ಲ. ಹೊಸ ವಾಟರ್‌ಪ್ರೂಫಿಂಗನ್ನು ಗೋಡೆಯ ಮೇಲೂ ಒಂದಡಿ ಹತ್ತಿಸಿ, ಟೈಲ್ಸ್ ಹಾಕುವ ಮುಂಚೆ ಮತ್ತೆ ನೀರು ನಿಲ್ಲಿಸಿ ನೋಡಿ.

ರಿಪೇರಿಯಾದ ಮೇಲೂ ಕೆಲವು ದಿನ ಹನಿಯಬಹುದು. ಬಾತ್‌ರೂಮಿನ ತಗ್ಗು ಸ್ಲ್ಯಾಬಿನಲ್ಲಿ ತುಂಬಿದ ಇಟ್ಟಿಗೆ ಚೂರು ಕುಡಿದ ನೀರು ಅದು. ಇದನ್ನು ಕೆಳಗಿನವರಿಗೆ ಮುಂಚೆಯೇ ಹೇಳಿಬಿಡಿ, ಇಲ್ಲದಿದ್ದರೆ ಮೋಸ ಮಾಡಿದಿರಿ ಅಂದುಕೊಳ್ಳುತ್ತಾರೆ.

ಬಿಲ್ಡರ್ ವಿಷಯ: ಮನೆ ಕೈಗೆ ಬಂದು 5 ವರ್ಷವಾಗಿರದಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ ಬರವಣಿಗೆಯಲ್ಲಿ ದೂರು ಕೊಡಿ, ಕಾಮಗಾರಿಯ ದೋಷವನ್ನು 30 ದಿನದೊಳಗೆ ಬಿಟ್ಟಿಯಾಗಿ ಸರಿಮಾಡಿಕೊಡಬೇಕು. ಒಡೆಯುವ ಮುಂಚೆ ಫೋಟೊ ತೆಗೆದಿಡಿ. ಡಕ್ಟ್‌ನೊಳಗಿನ (ಎಲ್ಲ ಮನೆಗಳ ಪೈಪು ಇಳಿಯುವ ಕಿಂಡಿ) ದೊಡ್ಡ ಪೈಪು ಸೋರಿದರೆ ಸಾಮಾನ್ಯವಾಗಿ ಅದು ಅಸೋಸಿಯೇಷನ್ ಕೆಲಸ. ಇವೆರಡೂ ಅಲ್ಲದಿದ್ದರೆ ಕೆಳಗಿನವರ ಪ್ಲಾಸ್ಟರ್, ಪುಟ್ಟಿ, ಪೇಂಟ್ ಖರ್ಚೂ ನಿಮ್ಮದೇ. ಕಲೆಯಾದಷ್ಟಕ್ಕೇ ಬಳಿದರೆ ಬಣ್ಣ ಹೊಂದಲ್ಲ, ಆ ರೂಮಿನ ಸೀಲಿಂಗ್ ಪೂರ್ತಿ ಹೊಡೆಸಿ. ಸೀಲಿಂಗ್ ಚೆನ್ನಾಗಿ ಒಣಗುವವರೆಗೆ ಪೇಂಟರ್‌ನ ಕರೆಯಬೇಡಿ, ಹಸಿ ಪ್ಲಾಸ್ಟರ್ ಮೇಲೆ ಪುಟ್ಟಿ ನಿಲ್ಲಲ್ಲ.